ಸೇತುವೆಯ ಬುಡದ ಮೀನು

ಭತ್ತದ ನಾಟಿ, ರಾಗಿಯ ಬಿತ್ತನೆ, ಕಬ್ಬಿಗೆ ಗೊಬ್ಬರ - ಇವುಗಳ ಮೇಲೆ ಮಾತನಾಡುವುದು ನನ್ನ ಕೆಲಸ. ಈ ದಿನ ಮಾತ್ರ ಹೊಲ ಬಿಟ್ಟು ಹೊಳೆಯ ಕಡೆಗೆ ಹೋಗೋಣ. ಅದಕ್ಕೆ ಕಾರಣವುಂಟು. ಕಟಾವು ಮುಗಿದು ಕೈ ಬಿಡುವಾದ ದಿನಗಳಲ್ಲಿ ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಸೇತುವೆ, ಸೋಪಾನಗಳ ಹತ್ತಿರ ಗಾಳ ಹಿಡಿದು ಕೂತ ನಾಲ್ಕು ಜನ ಕಾಣುತ್ತಾರೆ. ಕೆಲವರಿಗೆ ಮಧ್ಯಾಹ್ನದ ಹೊತ್ತಿಗೆ ಮನೆಯ ಸಾರಿಗೆ ಆಗುವಷ್ಟು ಮೀನು ಸಿಕ್ಕಿರುತ್ತದೆ. ಕೆಲವರಿಗೆ ಬಿಸಿಲೇ ಗತಿ. ಇನ್ನು ಕೆಲವು ಮನೆಗಳಲ್ಲಿ, ಮೀನಿಗೆ ಹೋದ ಹುಡುಗ ಸಂಜೆಯಾದರೂ ತಿರುಗಿ ಬರಲಿಲ್ಲ ಎಂಬ ಗೋಳು. ಆದುದರಿಂದ ಮೀನು ಎಲ್ಲಿ ನಿಲ್ಲುತ್ತದೆ, ಅದನ್ನು ಹೇಗೆ ಹಿಡಿಯಬೇಕು, ಹಿಡಿದ ಮೇಲೆ ಕ್ಷೇಮವಾಗಿ ಮನೆಗೆ ಹೇಗೆ ಬರಬೇಕು - ಈ ಮೂರು ಮಾತು ಹೇಳುತ್ತೇನೆ.

ಮೊದಲು ಮೀನು ನಿಲ್ಲುವ ಜಾಗ. ನಂಜನಗೂಡಿನಲ್ಲಿ ಕಪಿಲೆಗೆ 1735ರಲ್ಲಿ ದಳವಾಯಿ ದೇವರಾಜಯ್ಯನವರ ಕಾಲದಲ್ಲಿ ಕಟ್ಟಿದ ಕಲ್ಲಿನ ಸೇತುವೆಯನ್ನು ತಾವು ನೋಡಿದ್ದೀರಿ. ಒಂದು ಕಾಲಕ್ಕೆ ರಸ್ತೆಯೂ ರೈಲೂ ಎರಡೂ ಅದರ ಮೇಲೆಯೇ ಹಾದು ಹೋಗುತ್ತಿದ್ದವು. ಅಂಥ ಸೇತುವೆಯ ಕಂಬಕ್ಕೆ ಹರಿವ ನೀರು ಬಡಿದು ಎರಡಾಗಿ ಸೀಳುತ್ತದೆ. ಕಂಬದ ಬುಡದಲ್ಲಿ ಮರಳು ಕೊಚ್ಚಿ ಗುಂಡಿ ಬೀಳುತ್ತದೆ. ಕಂಬದ ಹಿಂದೆ, ಅಂದರೆ ನೀರು ಇಳಿದು ಹೋಗುವ ಕಡೆಗೆ, ನೀರು ಮಂದವಾಗಿ ಸುತ್ತುತ್ತಿರುತ್ತದೆ. ಸಂತೆಯ ನೂಕುನುಗ್ಗಲಿಗೆ ಸಿಕ್ಕದೆ ಅಂಗಡಿಯ ಜಗಲಿಯ ಮೇಲೆ ನಿಂತವನ ಹಾಗೆ, ಮೀನು ಆ ಮಂದ ನೀರಿನಲ್ಲಿ ನಿಂತು, ಪಕ್ಕದ ಸೆಳವಿನಲ್ಲಿ ತೇಲಿ ಬಂದ ಹುಳು ಹುಪ್ಪಟೆಯನ್ನು ಕಚ್ಚಿಕೊಳ್ಳುತ್ತದೆ. ಕಲ್ಲಿಗೆ ಹತ್ತಿದ ಪಾಚಿಯೂ ಅದಕ್ಕೆ ಆಹಾರ. ಮೇಲೆ ಸೇತುವೆಯ ನೆರಳು ಬೇರೆ.

ಸಮುದ್ರದ ಕಡೆಯಲ್ಲಿಯೂ ಇದೇ ನ್ಯಾಯ. ಕರಾವಳಿಯವರು ಕೆಂಬೇರಿ ಎನ್ನುವ ಮೀನು ಹೊಳೆ ಕಡಲಿಗೆ ಸೇರುವ ಅಳಿವೆಗಳಲ್ಲಿ ಕಲ್ಲು, ಬೇರು, ಕಂಬಗಳ ಮರೆಯನ್ನೇ ಹುಡುಕುತ್ತದೆ. ನೀರು ಉಪ್ಪಾಗಲಿ ಸಿಹಿಯಾಗಲಿ, ಮೀನಿಗೆ ಮರೆ ಬೇಕು, ಹತ್ತಿರದಲ್ಲಿ ತಿನಿಸು ಬೇಕು.

ಹಾಗಾದರೆ ಗಾಳ ಎಲ್ಲಿ ಬಿಡಬೇಕು? ನೀರು ಬರುವ ಕಡೆ ನಿಂತು ಬಿಟ್ಟರೆ ದಾರ ಸೇತುವೆಯ ಕೆಳಗೆ ನುಗ್ಗಿ ಕಲ್ಲಿಗೆ ಸಿಕ್ಕಿಕೊಳ್ಳುತ್ತದೆ. ನೀರು ಹೋಗುವ ಕಡೆ ಬಿಡಿ. ಗಾಳ ಕಂಬದ ಹಿಂದಿನ ಮಂದ ನೀರಿಗೂ ಪಕ್ಕದ ಸೆಳವಿಗೂ ನಡುವೆ ಇಳಿಯಲಿ. ಬೆಳಗಿನ ಜಾವ ಮತ್ತು ಹೊತ್ತು ಇಳಿದ ಮೇಲೆ ಮೀನು ಚೆನ್ನಾಗಿ ತಿನ್ನುತ್ತದೆ. ನೆತ್ತಿಯ ಮೇಲೆ ಸೂರ್ಯ ಇದ್ದಾಗ ತಾವು ಮನೆಯಲ್ಲಿ ಊಟ ಮಾಡಿ ಮಲಗುವುದೇ ಮೇಲು.

ಇನ್ನು ತಿನಿಸು. ಎಲ್ಲ ಮೀನಿಗೂ ಎರೆಹುಳು ಸಾಕು ಅಂತ ಕೆಲವರ ಎಣಿಕೆ. ಹಾಗಲ್ಲ. ಕಾಟ್ಲಾ ನೀರಿನ ಮೇಲ್ಭಾಗದಲ್ಲಿ, ರೋಹು ನಡುವೆ, ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದಲ್ಲಿ ಮೇಯುತ್ತವೆ. ಬೆಂಡನ್ನು ದಾರದಲ್ಲಿ ಮೇಲೆ ಕೆಳಗೆ ಸರಿಸಿ ಆಯಾ ಆಳಕ್ಕೆ ಗಾಳ ನಿಲ್ಲುವ ಹಾಗೆ ಮಾಡಿಕೊಳ್ಳಬೇಕು. ಈ ಗೆಂಡೆ ಜಾತಿಗೆ ನಾಲ್ಕು ಹಿಡಿ ರಾಗಿ ಹಿಟ್ಟಿಗೆ ಒಂದು ಹಿಡಿ ಕಡಲೆಕಾಯಿ ಹಿಂಡಿಯ ಪುಡಿ ಸೇರಿಸಿ, ಗಟ್ಟಿಯಾಗಿ ಮುದ್ದೆ ಮಾಡಿ, ಗೋಲಿಯಷ್ಟು ಉಂಡೆ ಕಟ್ಟಿ ಗಾಳಕ್ಕೆ ಒತ್ತಿ. ಬೇಯಿಸಿದ ಹಿಟ್ಟಾದರೆ ನೀರಿನಲ್ಲಿ ಬೇಗ ಕರಗುವುದಿಲ್ಲ. ಜಿಲೇಬಿ ಮೀನಿಗೆ ಎರೆಹುಳು ಸರಿ. 1952ರಲ್ಲಿ ಹೊರದೇಶದಿಂದ ನಮ್ಮ ದೇಶಕ್ಕೆ ಬಂದ ಮೀನು ಇದು. ಈಗ ಕೆರೆ, ನಾಲೆ, ಹೊಳೆ ಎಲ್ಲೆಲ್ಲೂ ಹಬ್ಬಿದೆ. ಇದನ್ನು ಹಿಡಿಯಲು ಹಿಂಜರಿಯಬೇಕಾಗಿಲ್ಲ. ಬಾಳೆ ಮೀನು ಬೇಟೆಯ ಜಾತಿ. ಮುಸ್ಸಂಜೆಯಲ್ಲಿ ಸಣ್ಣ ಮೀನು ಅಥವಾ ಕೋಳಿಯ ಕರುಳಿಗೆ ಬೀಳುತ್ತದೆ.

ಕೊರವನ ವಿಷಯದಲ್ಲಿ ಒಂದು ಮಾತು. ಜೊಂಡಿನ ಪಕ್ಕದಲ್ಲಿ ಕೆಂಪನೆಯ ಸಣ್ಣ ಮರಿಗಳ ಗುಂಪು ಮೇಲೆದ್ದು ಕುದಿಯುವ ಹಾಗೆ ಕಂಡರೆ, ಅದರ ಕೆಳಗೆ ತಾಯಿ ತಂದೆ ಕಾವಲು ನಿಂತಿವೆ ಎಂದು ತಿಳಿಯಿರಿ. ಆಗ ಗಾಳ ಹಾಕಿದರೆ ಸಿಕ್ಕೇ ಸಿಕ್ಕುತ್ತವೆ, ನಿಜ. ಆದರೆ ಕಾವಲು ಹೋದ ಮರಿಗಳನ್ನು ಬೇರೆ ಮೀನುಗಳು ತಿಂದು ಮುಗಿಸುತ್ತವೆ. ಬಿತ್ತನೆಯ ರಾಗಿಯನ್ನು ಬೀಸಿ ಉಣ್ಣುವ ರೈತನುಂಟೇ?

ಸೇತುವೆಯ ಮೇಲಿಂದ ಹಿಡಿಯುವವರು ಮೀನು ಕಳೆದುಕೊಳ್ಳುವುದು ಕಚ್ಚಿದ ಮೇಲೆಯೇ. ನೀರಿನಲ್ಲಿರುವ ತನಕ ಮೀನಿನ ಭಾರವನ್ನು ನೀರೇ ಹೊರುತ್ತದೆ. ನೀರು ಬಿಟ್ಟು ಮೇಲೆದ್ದ ಕೂಡಲೇ ಅದರ ಪೂರ್ತಿ ಭಾರ, ಜೊತೆಗೆ ಒದ್ದಾಟ, ಎಲ್ಲ ತಂಗೂಸಿ ದಾರದ ಮೇಲೆ ಬೀಳುತ್ತದೆ. ದಾರ ಹರಿಯುತ್ತದೆ, ಇಲ್ಲವೇ ಬಾಯಿ ಹರಿದು ಮೀನು ಜಾರುತ್ತದೆ. ಇದಕ್ಕೆ ಸುಲಭ ಉಪಾಯವಿದೆ. ಒಂದು ಬಿದಿರ ಬುಟ್ಟಿಗೆ ಮೂರು ಕಡೆ ಹಗ್ಗ ಕಟ್ಟಿ, ತಳಕ್ಕೆ ಒಂದು ಕಲ್ಲಿಟ್ಟು ಇಳಿಬಿಡಿ. ಮೀನನ್ನು ಆಡಿಸಿ ದಣಿಸಿ, ಮುಳುಗಿದ ಬುಟ್ಟಿಯ ಮೇಲಕ್ಕೆ ತಂದು, ಬುಟ್ಟಿ ಸಮೇತ ಎತ್ತಿ. ಒಬ್ಬನ ಕೈಯಲ್ಲಿ ಗಾಳ, ಇನ್ನೊಬ್ಬನ ಕೈಯಲ್ಲಿ ಹಗ್ಗ ಇರಲಿ. ಅಂದರೆ ಹೊಳೆಗೆ ಇಬ್ಬರು ಹೋಗಲೇಬೇಕು; ಒಂಟಿಯಾಗಿ ಹೋಗುವ ಮಾತೇ ಬೇಡ.

ಈಗ ಮೂರನೆಯ ಮಾತು. ಇದನ್ನು ಮನೆಯ ಹೆಂಗಸರೂ ಮಕ್ಕಳೂ ಗಮನವಿಟ್ಟು ಕೇಳಬೇಕು.

ಒಮ್ಮೆ ಸಂಗಮದ ಹತ್ತಿರ ನೀರಂಚಿನ ಕಲ್ಲಿನ ಮೇಲೆ ನಾನೇ ಗಾಳ ಹಿಡಿದು ಕೂತಿದ್ದೆ. ಆಕಾಶದಲ್ಲಿ ಒಂದು ಮೋಡವಿಲ್ಲ. ಚಪ್ಪಲಿಯನ್ನು ಕೆಳಗಿನ ಕಲ್ಲಿನ ಮೇಲೆ ಬಿಟ್ಟಿದ್ದೆ. ಬೆಂಡಿನ ಮೇಲೆಯೇ ಕಣ್ಣು. ಸ್ವಲ್ಪ ಹೊತ್ತಾದ ಮೇಲೆ ನೋಡ್ತೀನಿ, ಒಂದು ಚಪ್ಪಲಿ ಇಲ್ಲ, ಇನ್ನೊಂದು ತೇಲಿ ಹೋಗ್ತಾ ಇದೆ! ನೀರು ಸದ್ದಿಲ್ಲದೆ ಏರಿತ್ತು. ಹಿಂತಿರುಗಿ ನೋಡಿದರೆ ನಾನು ನಡೆದು ಬಂದ ಮರಳ ದಾರಿಯಲ್ಲಿ ಮೊಣಕಾಲುದ್ದ ನೀರು. ಗಾಳ ಅಲ್ಲೇ ಬಿಟ್ಟು ದಡ ಸೇರಿದೆ. ಇನ್ನೂ ಸ್ವಲ್ಪ ಹೊತ್ತು ಕೂತಿದ್ದರೆ ಈ ಮಾತು ಹೇಳಲು ನಾನಿರುತ್ತಿರಲಿಲ್ಲ.

ಇದು ಏಕೆ ಹೀಗೆ? ಕಪಿಲೆಯ ನೀರು ಬಹುಪಾಲು ಬರುವುದು ವಯನಾಡಿನ ಬೆಟ್ಟಗಳಿಂದ. ಅಲ್ಲಿ ಮಳೆ ಹುಯ್ದು ಬೀಚನಹಳ್ಳಿಯ ಕಬಿನಿ ಅಣೆಕಟ್ಟು ತುಂಬಿದರೆ ಬಾಗಿಲು ತೆರೆಯುತ್ತಾರೆ. ನಮ್ಮೂರಲ್ಲಿ ಸುಡುವ ಬಿಸಿಲಿದ್ದರೂ ಹೊಳೆ ಏರುತ್ತದೆ. 2018 ಮತ್ತು 2019ರ ಮಳೆಗಾಲದಲ್ಲಿ ನಂಜನಗೂಡಿನ ತಗ್ಗು ಪ್ರದೇಶಗಳಿಗೆ ನೀರು ನುಗ್ಗಿದ್ದು ತಮಗೆ ನೆನಪಿರಬಹುದು. ನರಸೀಪುರದಲ್ಲಿ ಇನ್ನೂ ಒಂದು ತೊಡಕು. ಅಲ್ಲಿ ಕನ್ನಂಬಾಡಿಯಿಂದ ಬರುವ ಕಾವೇರಿಯೂ ಸೇರುತ್ತದೆ. ಕಾವೇರಿ ತುಂಬಿ ನಿಂತರೆ ಕಪಿಲೆಯ ನೀರು ಮುಂದೆ ಹೋಗಲಾರದೆ ಹಿಂದಕ್ಕೆ ಒತ್ತುತ್ತದೆ. ಸೆಳವಿಲ್ಲ, ಶಾಂತವಾಗಿದೆ ಎಂದು ಕಾಣುವ ನೀರೇ ಮೇಲೇರುತ್ತಿರುತ್ತದೆ.

ಆದುದರಿಂದ ಕೂರುವ ಮೊದಲು ನೀರಿನ ಅಂಚಿನಲ್ಲಿ ಒಂದು ಕಡ್ಡಿ ನೆಡಿ. ಆಗಾಗ ಅದರ ಕಡೆ ನೋಡಿ. ಕಡ್ಡಿಯ ಬುಡ ಮುಳುಗಿದರೆ, ನೀರಿನ ಬಣ್ಣ ಕೆಂಪಾದರೆ, ನೊರೆ ಕಸಕಡ್ಡಿ ತೇಲಿ ಬಂದರೆ, ಎಷ್ಟೇ ಮೀನು ಕಚ್ಚುತ್ತಿರಲಿ, ಎದ್ದುಬಿಡಿ. ನದಿಗೆ ನೀರು ಬಿಡುತ್ತೇವೆಂದು ಸಾರಿದ ದಿನ ಹೊಳೆಯ ಕಡೆಗೇ ಹೋಗಬೇಡಿ. ನಡುಹೊಳೆಯ ಬಂಡೆಯ ಮೇಲೆ ಎಂದೂ ಕೂರಬೇಡಿ. ಸಿಮೆಂಟು ಹಾಕಿದ ನಾಲೆಯ ಇಳಿಜಾರು ಪಾಚಿಯಿಂದ ಜಾರುತ್ತದೆ. ಬಿದ್ದವನಿಗೆ ಹಿಡಿದು ಹತ್ತಲು ಏನೂ ಸಿಗದು. ಗುಂಡ್ಲುಪೇಟೆ ಹೆದ್ದಾರಿಯಂಥ ಬಸ್ಸು ಲಾರಿ ಓಡುವ ಸೇತುವೆ ಗಾಳ ಹಾಕುವ ಜಾಗವಲ್ಲ. ಅಲ್ಲಿ ನಿಲ್ಲಬೇಡಿ, ದಡಕ್ಕಿಳಿಯಿರಿ.

ಯಾರಾದರೂ ನೀರಿಗೆ ಬಿದ್ದರೆ ಈಜು ಬರುತ್ತದೆ ಅಂತ ಹಾರಬೇಡಿ. ಮುಳುಗುವವನು ಕಾಪಾಡಲು ಬಂದವನ ಕತ್ತನ್ನೇ ತಬ್ಬುತ್ತಾನೆ. ಬುಟ್ಟಿಯ ಹಗ್ಗ, ಬಿದಿರ ಗಳ, ಕಳಚಿದ ಪಂಚೆ, ಮುಚ್ಚಳ ಬಿಗಿದ ಖಾಲಿ ಕ್ಯಾನು - ಕೈಗೆ ಸಿಕ್ಕಿದ್ದನ್ನು ಎಸೆಯಿರಿ. ಕೂಗಿ ಜನ ಸೇರಿಸಿ, 112ಕ್ಕೆ ಫೋನು ಮಾಡಿ.

ಚೇಳು ಮೀನು ಚುಚ್ಚಿದರೆ ಕೈಯನ್ನು ತಾಳುವಷ್ಟು ಬಿಸಿಯ ನೀರಿನಲ್ಲಿ ಅದ್ದಿ ಇಡಿ. ಆ ನಂಜು ಶಾಖಕ್ಕೆ ಕುಗ್ಗುತ್ತದೆ. ಆಮೇಲೆ ಆಸ್ಪತ್ರೆಗೆ ಹೋಗಿ.

ಕೊನೆಯದಾಗಿ ಹೊಳೆಯ ಪರವಾಗಿ ನಾಲ್ಕು ಮಾತು. ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯುವುದು 1897ರ ಕಾಯಿದೆಯಿಂದಲೇ ಅಪರಾಧ. ಒಂದು ಸಿಡಿತಕ್ಕೆ ಮೊಟ್ಟೆ ಮರಿ ಎಲ್ಲ ನಾಶ. ಸಿಡಿಸಿದವನ ಕೈಯೂ ಹೋಗಬಹುದು. ಔಷಧಿ ಹೊಡೆದ ಪಂಪು, ಡಬ್ಬಿಗಳನ್ನು ನಾಲೆಯಲ್ಲಿ ತೊಳೆಯುವುದೂ ಹೊಳೆಗೆ ವಿಷ ಹಾಕಿದ ಹಾಗೆಯೇ. ಸತ್ತು ತೇಲುವ ಮೀನನ್ನು ತಂದು ತಿನ್ನಬೇಡಿ. ಮುಂಗಾರಿನ ಹೊಸ ನೀರಿಗೆ ಮೀನು ಮೊಟ್ಟೆಯಿಡಲು ಏರಿ ಬರುತ್ತದೆ. ಆಗ ಬಿಡುವು ಕೊಡಿ. ಯಾವ ಜಾಗದಲ್ಲಿ ಹಿಡಿಯಬಹುದು, ಪರವಾನಗಿ ಬೇಕೇ ಎಂಬುದನ್ನು ತಾಲ್ಲೂಕಿನ ಮೀನುಗಾರಿಕೆ ಕಚೇರಿಯಲ್ಲಿ ಕೇಳಿ. ನಂಜುಂಡೇಶ್ವರನ ಸ್ನಾನಘಟ್ಟ, ನರಸೀಪುರದ ಸಂಗಮದ ಘಟ್ಟಗಳಲ್ಲಿ ಜನ ಮೀಯುತ್ತಾರೆ. ಅಲ್ಲಿ ಗಾಳ ಬೇಡ. ಹರಿದ ದಾರವನ್ನೂ ಬಿಸಾಡಬೇಡಿ. ಅದು ಹಕ್ಕಿಯ ಕಾಲಿಗೂ ದನದ ಕಾಲಿಗೂ ಉರುಳಾಗುತ್ತದೆ.

ದೊಡ್ಡ ಹುರುಪೆಯ, ಬೆನ್ನು ಗೂನಾದ, ಕಿತ್ತಳೆ ಬಣ್ಣದ ಈಜುರೆಕ್ಕೆಯ ಬಿಳಿಮೀನು ಸಿಕ್ಕಿದರೆ ಗಾಳ ಬಿಡಿಸಿ ನೀರಿಗೇ ಬಿಡಿ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಇದೇ ಕಪಿಲೆಯಲ್ಲಿ 120 ಪೌಂಡು, ಅಂದರೆ ಸುಮಾರು 54 ಕಿಲೋ ತೂಕದ ಬಿಳಿಮೀನನ್ನು ಗಾಳದಲ್ಲಿ ಹಿಡಿದರು. ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಈ ಗೂನುಬೆನ್ನಿನ ಜಾತಿಯನ್ನು 2018ರಲ್ಲಿ ಅಳಿವಿನ ಅಂಚಿನ ಜೀವಿಗಳ ಪಟ್ಟಿಗೆ ಸೇರಿಸಿದರು. ನಮ್ಮ ಹೊಳೆಯ ಈ ಸೊತ್ತನ್ನು ನಾವೇ ಕಾಯಬೇಕು.

ಗಾಳ ಕಂಬದ ಹಿಂದೆ ಇರಲಿ, ಕಣ್ಣು ಕಡ್ಡಿಯ ಮೇಲಿರಲಿ, ಜೊತೆಗೊಬ್ಬರಿರಲಿ. ಇವತ್ತು ಸಿಗದ ಮೀನು ನಾಳೆ ಸಿಕ್ಕೀತು. ಮನೆಯಲ್ಲಿ ಒಲೆ ಹಚ್ಚಿ ಕಾಯುವವರಿಗೆ ಮೀನಿಗಿಂತ ತಾವು ಮುಖ್ಯ.