ಕುಲೆಯಾನಾ

ಹವಾಯಿಯ ಜನರ ಬಾಯಲ್ಲಿ ದಿನವೂ ಓಡಾಡುವ ಒಂದು ಮಾತು, ಕುಲೆಯಾನಾ. ಹಕ್ಕು ಎಂದೂ ಹೌದು, ಹೊಣೆ ಎಂದೂ ಹೌದು. ಮೇರಿ ಪುಕುಯಿ ಮತ್ತು ಸ್ಯಾಮ್ಯುಯೆಲ್ ಎಲ್ಬರ್ಟ್ ಅವರ ಹವಾಯಿ ಭಾಷೆಯ ನಿಘಂಟು ತೆರೆದರೆ ಅಧಿಕಾರ, ಆಸ್ತಿ, ಪಾಲು ಎಂದು ಸಾಲು ಬೆಳೆಯುತ್ತದೆ. ತುಂಡು ಜಮೀನಿಗೂ ಇದೇ ಹೆಸರು.

ಆ ಜಮೀನಿನ ಕಥೆ ಸ್ವಲ್ಪ ಕೇಳಿ. 1848ರಲ್ಲಿ ದೊರೆ ಮೂರನೇ ಕಮೆಹಮೆಹಾ ಮತ್ತು ಅವನ ಸರದಾರರು ಭೂಮಿ ಹಂಚಿಕೊಂಡರು. ಸಾಗುವಳಿ ಮಾಡುತ್ತಿದ್ದವರಿಗೆ ಪಾಲು ಕೊಡಲೆಂದು 1850ರಲ್ಲಿ ಕುಲೆಯಾನಾ ಕಾಯ್ದೆ ಬಂತು. ಆದರೆ ಅಳತೆಯ ಖರ್ಚು ರೈತನದೇ! ಮೇಲೆ ಸಾಕ್ಷಿಯೂ ಬೇಕು. ಈ ಕೆಸುವಿನ ಗದ್ದೆ ಮಾಡುವವರು ಇವರೇ, ಆಚೆ ಗಡಿ ಇಂಥವರದು ಎಂದು ನೆರೆಯವರು ಬಂದು ಹೇಳಿದ್ದು ಇಂದಿಗೂ ದಾಖಲೆಯಲ್ಲಿದೆ. ಇಷ್ಟಾಗಿ ಜನಸಾಮಾನ್ಯರ ಪಾಲಿಗೆ ಬಂದದ್ದು ಒಟ್ಟು ಭೂಮಿಯಲ್ಲಿ ಶೇಕಡ 1ಕ್ಕಿಂತ ಕಡಿಮೆ. ಪೀಳಿಗೆಗಳಿಂದ ಹೊಣೆ ಹೊತ್ತವರಿಗೆ ಹಕ್ಕು ಮಾತ್ರ ಅರ್ಜಿಯ ವಿಷಯವಾಯಿತು, ನೋಡಿ.

ಆ ತುಂಡುಗಳಲ್ಲಿ ಹಲವು ಈಗ ಮರಿಮಕ್ಕಳ ನಡುವೆ ಹಂಚಿಹೋಗಿವೆ. 2016ರ ಕೊನೆಯಲ್ಲಿ ಕವಾಯಿ ದ್ವೀಪದಲ್ಲಿ ಫೇಸ್‌ಬುಕ್‌ನ ಮಾರ್ಕ್ ಜುಕರ್‌ಬರ್ಗ್ ಅವರಿಗೆ ಸೇರಿದ ಕಂಪನಿಗಳು ಇಂಥ ತುಂಡುಗಳ ಒಡೆತನದ ಇತ್ಯರ್ಥಕ್ಕೆ ದಾವೆ ಹೂಡಿದವು. ಊರವರು ಸಿಟ್ಟಿಗೆದ್ದರು. ಮರುತಿಂಗಳೇ ಜುಕರ್‌ಬರ್ಗ್ ದಾವೆ ಕೈಬಿಡುವುದಾಗಿ ಪತ್ರಿಕೆಯಲ್ಲಿ ಬರೆದು ತಿಳಿಸಿದರು.