ಮರಳಿನಿಂದ ಮೊಬೈಲಿನವರೆಗೆ: ಮಗಳ ಸರದಿ ಯಾವಾಗ?

(ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



ಶಾಲೆಯಲ್ಲಿ ಏನು ಕಲಿಸಿದರು ಅಂತ ನಾವು ಮಕ್ಕಳನ್ನು ದಿನಾ ಕೇಳುತ್ತೇವೆ. ಯಾವುದರ ಮೇಲೆ ಬರೆದು ಕಲಿಸಿದರು, ಅದು ಯಾರ ಕೈಗೆ ಸಿಕ್ಕಿತು ಅಂತ ಕೇಳುವುದು ಕಡಿಮೆ. ಇವತ್ತು ಅದನ್ನೇ ಮಾತಾಡೋಣ.

ಕರಿಹಲಗೆ ಅಂದರೆ ಇಂಗ್ಲಿಷರು ತಂದದ್ದು ಅಂತ ನಾವು ತಿಳಿದಿದ್ದೇವೆ. ಆದರೆ ಬರೆದು ಒರೆಸುವ ಹಲಗೆ ನಮ್ಮ ಊರ ಶಾಲೆಗಳಲ್ಲಿ ಮೊದಲೇ ಇತ್ತು. 1823ರಲ್ಲಿ ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ ಅಲ್ಲಿನ ಶಾಲೆಗಳ ವರದಿ ಬರೆದರು. ಮಕ್ಕಳು ಮೊದಲು ಬೆರಳಿನಿಂದ ಮರಳಿನ ಮೇಲೆ ಅಕ್ಷರ ತಿದ್ದುತ್ತಿದ್ದರು. ಆಮೇಲೆ ಹಲಗೆ, ಇಲ್ಲವೇ ಕಡತ. ಹಲಗೆ ಅಂದರೆ ಮೂರು ಅಡಿ ಉದ್ದ, ಒಂದು ಅಡಿ ಅಗಲದ ಮರ. ನುಣ್ಣಗೆ ಮಾಡಿ ಅನ್ನ, ಇದ್ದಿಲ ಪುಡಿ ಸವರಿದರೆ ಆಯಿತು. ಕಡತ ಅಂದರೆ ಗಂಜಿ ಹಾಕಿ ಗಟ್ಟಿ ಮಾಡಿ, ಪುಸ್ತಕದ ಹಾಗೆ ಮಡಚಿ, ಇದ್ದಿಲು ಮತ್ತು ಅಂಟು ಬಳಿದ ಬಟ್ಟೆ. ಬಳಪದಲ್ಲಿ ಬರೆಯುವುದು, ಒದ್ದೆ ಬಟ್ಟೆಯಲ್ಲಿ ಒರೆಸುವುದು. ಕಚೇರಿಯಲ್ಲಿ ‘ನಿಮ್ಮ ಕಡತ ಮೇಲೆ ಹೋಗಿದೆ’ ಅನ್ನುತ್ತಾರಲ್ಲ, ಅದೇ ಶಬ್ದ!

ಮರಳಿನ ಅಕ್ಷರ ಇಂಗ್ಲೆಂಡಿಗೂ ಹೋಯಿತು. ಮದರಾಸಿನ ಅನಾಥ ಬಾಲಕರ ಶಾಲೆ ನಡೆಸುತ್ತಿದ್ದ ಆಂಡ್ರ್ಯೂ ಬೆಲ್ ಇಲ್ಲಿನ ಮಕ್ಕಳು ಮರಳಲ್ಲಿ ಬರೆಯುವುದನ್ನು ನೋಡಿ ತಮ್ಮ ಶಾಲೆಯಲ್ಲಿ ಜಾರಿಗೆ ತಂದರು. ದೊಡ್ಡ ಮಕ್ಕಳಿಂದ ಚಿಕ್ಕವರಿಗೆ ಕಲಿಸಿದರು. 1797ರಲ್ಲಿ ಲಂಡನ್ನಿನಲ್ಲಿ ಅದರ ಬಗ್ಗೆ ಪುಸ್ತಕ ತಂದರು. ಅಲ್ಲಿಯ ಬಡಮಕ್ಕಳೂ ಹೀಗೆಯೇ ಕಲಿತರು.

ಇದೆಲ್ಲ ಹೆಮ್ಮೆಯ ವಿಷಯವೇ. ಆದರೆ ಕ್ಯಾಂಪ್‌ಬೆಲ್ ವರದಿಯಲ್ಲಿ ಇನ್ನೊಂದು ಲೆಕ್ಕ ಉಂಟು. 533 ಶಾಲೆ, 6,641 ಮಕ್ಕಳು. ಅವರಲ್ಲಿ ಹುಡುಗಿಯರು ಎಷ್ಟು? ಬರೀ 60. ನಮ್ಮ ಮೂರೂ ತಾಲೂಕು ಆಗ ಕೆನರಾ ಜಿಲ್ಲೆಯಲ್ಲಿದ್ದವು. 1822ರಲ್ಲಿ ಇಲ್ಲಿಯ ಕಲೆಕ್ಟರು, ಕಲಿಕೆಯೆಲ್ಲ ಖಾಸಗಿಯಾಗಿ ನಡೆಯುತ್ತದೆ ಅಂತ ಹೇಳಿ ಪಟ್ಟಿ ತುಂಬಲೇ ಇಲ್ಲ. ನಮ್ಮ ಅಜ್ಜಿಯಂದಿರ ಅಜ್ಜಿಯಂದಿರು ಯಾವ ಲೆಕ್ಕಕ್ಕೂ ಸಿಗಲಿಲ್ಲ.

ಮುಂದೆ ಕಲ್ಲಿನ ಪಾಟಿ ಬಂತು. ಮರಾಠಿಯಲ್ಲೂ ಅದು ಪಾಟಿಯೇ. ನಮ್ಮ ಜಿಲ್ಲೆ 1862ರಿಂದ 1956ರವರೆಗೆ ಮುಂಬಯಿ ಕಡೆಗಿತ್ತಲ್ಲ! ಗೋಡೆಗೆ ದೊಡ್ಡ ಬೋರ್ಡು ಬಂತು. 1987ರಲ್ಲಿ ಸರ್ಕಾರ ಆಪರೇಷನ್ ಬ್ಲ್ಯಾಕ್‌ಬೋರ್ಡ್ ಅಂತ ಯೋಜನೆ ತಂದಾಗ ಹೆಸರು ಬೋರ್ಡಿನದ್ದಾದರೂ ನಿಯಮದಲ್ಲಿ ಎರಡು ಕೋಣೆ, ಇಬ್ಬರು ಶಿಕ್ಷಕರು, ಅವರಲ್ಲಿ ಸಾಧ್ಯವಾದಷ್ಟೂ ಒಬ್ಬರು ಮಹಿಳೆ ಅಂತ ಇತ್ತು. ಹುಡುಗಿಯರನ್ನು ಶಾಲೆಗೆ ಎಳೆದದ್ದು ಬೋರ್ಡಿಗಿಂತ ಹೆಚ್ಚಾಗಿ ಆ ಅಕ್ಕೋರು ಅಂತ ನಮ್ಮ ಅಭಿಪ್ರಾಯ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ–ಕಲಿಯಲ್ಲಿ ಗೋಡೆಯ ಕೆಳಗಡೆ, ಮಗುವಿನ ಕೈಗೆ ಎಟಕುವಷ್ಟಕ್ಕೇ ಕರಿಹಲಗೆ ಮಾಡಿದರು. ಒಂದನೇ ತರಗತಿಯ ಮಗುವೂ ಬರೆಯಬಹುದು.

2020ರ ಮಾರ್ಚಿನಲ್ಲಿ ಕೊರೊನಾದಿಂದ ಶಾಲೆ ಮುಚ್ಚಿತು. ಪಾಠ ಮೊಬೈಲಿಗೆ ಬಂತು, ಚಂದನ ಟಿ.ವಿ.ಗೆ ಬಂತು. ಆಗಸ್ಟಿನಲ್ಲಿ ಶಿಕ್ಷಕರು ಊರಿಗೇ ಬಂದು ಕಲಿಸುವ ವಿದ್ಯಾಗಮ ಶುರುವಾಗಿ ಅಕ್ಟೋಬರಿನಲ್ಲಿ ನಿಂತಿತು. ಘಟ್ಟದ ಬುಡದ ಊರುಗಳಲ್ಲಿ ಮಕ್ಕಳು ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತಿದ್ದು ನಿಮಗೆ ನೆನಪಿದೆ. ಮನೆಯಲ್ಲಿ ಇದ್ದದ್ದು ಒಂದೇ ಮೊಬೈಲು. ಅಪ್ಪ ಬೋಟಿಗೆ ಹೋದರೆ ಅದೂ ಹೋಯಿತು. ಇದ್ದಾಗ ಮೊದಲು ಅಣ್ಣನಿಗೆ, ತಂಗಿಗೆ ಪಾತ್ರೆ ತೊಳೆದ ಮೇಲೆ. ಅಷ್ಟರಲ್ಲಿ ಚಾರ್ಜೂ ಇಲ್ಲ, ಡೇಟಾವೂ ಇಲ್ಲ.

ಅದು ಆ ವರ್ಷದ ಕತೆ ಮಾತ್ರ ಅಂದುಕೊಳ್ಳಬೇಡಿ. ದೇಶದ ಹಳ್ಳಿಗಳಲ್ಲಿ ನಡೆದ 2024ರ ಅಸರ್ ಸಮೀಕ್ಷೆಯಲ್ಲಿ, ಸ್ಮಾರ್ಟ್‌ಫೋನ್ ಬಳಸಲು ಬರುವ 14ರಿಂದ 16 ವಯಸ್ಸಿನ ಹುಡುಗರಲ್ಲಿ ನೂರಕ್ಕೆ ಸುಮಾರು 36 ಜನರಿಗೆ ಸ್ವಂತ ಫೋನ್ ಇತ್ತು. ಹುಡುಗಿಯರಲ್ಲಿ ಸುಮಾರು 27.

‘ಹೆಣ್ಣು ಹುಡುಗಿ ಕೈಗೆ ಮೊಬೈಲು ಕೊಟ್ಟರೆ ಕೆಟ್ಟುಹೋಗ್ತಾಳೆ’ ಅಂತ ಸಭೆಗಳಲ್ಲಿ ಕೇಳುತ್ತೇವೆ. ಹೆದರಿಕೆ ಸುಳ್ಳಲ್ಲ, ಮೋಸ ಮಾಡುವವರು ಇದ್ದಾರೆ. ಆದರೆ ಅದು ಮಗನಿಗೂ ಇರುವ ಅಪಾಯ. ಎಲ್ಲರೂ ಕೂರುವ ಜಗುಲಿಯಲ್ಲಿ, ನಿಮ್ಮ ಪಕ್ಕದಲ್ಲಿ ಕೂರಿಸಿ ಕೊಡಿ. ಪಠ್ಯಪುಸ್ತಕದಲ್ಲಿ ಕಪ್ಪು-ಬಿಳುಪು ಚುಕ್ಕಿಗಳ ಚೌಕ, ಅಂದರೆ ಕ್ಯೂಆರ್ ಕೋಡ್ ಇದ್ದರೆ ದೀಕ್ಷಾ ಆ್ಯಪ್‌ನಲ್ಲಿ ಅದನ್ನು ತೋರಿಸಿ, ಆ ಪಾಠ ತೆರೆಯುತ್ತದೆ. ಹೇಗೆ ಅಂತ ಮಗಳೇ ನಿಮಗೆ ಕಲಿಸಲಿ.

ಇನ್ನೊಂದು. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರು, ಒಟ್ಟು ಸದಸ್ಯರಲ್ಲಿ ಅರ್ಧ ಮಹಿಳೆಯರು ಇರಬೇಕು. ನಿಮ್ಮಲ್ಲಿ ಎಷ್ಟು ಜನ ಆ ಸಭೆಗೆ ಹೋಗುತ್ತೀರಿ, ಎಷ್ಟು ಜನ ಸಹಿ ಮಾತ್ರ ಹಾಕುತ್ತೀರಿ? ಶಾಲೆಗೆ ಬಂದ ಕಂಪ್ಯೂಟರ್ ನಡೆಯುತ್ತಿದೆಯೋ, ಬೀಗ ಹಾಕಿದ ಕೋಣೆಯಲ್ಲಿದೆಯೋ ಅಂತ ಕೇಳುವುದು ನಿಮ್ಮ ಹಕ್ಕು.

ಮುಂದಿನ ವಾರ ಉಳಿತಾಯ, ಸಾಲದ ಲೆಕ್ಕ ಮುಗಿದ ಮೇಲೆ ಒಂದು ಹಾಳೆಯಲ್ಲಿ ಬರೆದುಕೊಳ್ಳೋಣ: ಮನೆಯಲ್ಲಿ ಎಷ್ಟು ಮೊಬೈಲು, ರಾತ್ರಿ ಏಳರಿಂದ ಒಂಬತ್ತರವರೆಗೆ ಯಾರ ಕೈಯಲ್ಲಿ, ಮಗಳಿಗೆ ಎಷ್ಟು ಹೊತ್ತು. ಹೆಸರು ಬರೆಯುವುದು ಬೇಡ.