ರೇಡಿಯೋ ಯಾರ ದುಡ್ಡಿನಲ್ಲಿ ಮಾತಾಡ್ತದೆ?

(ಚಿತ್ರದುರ್ಗದಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯಿಂದ ಬಸ್ಸು ಹತ್ತಿ ಬಂದಿದ್ದೀರಿ. ಇವತ್ತಿನ ಮಾತು ರೇಡಿಯೋ ಬಗ್ಗೆ. ಹಾಸ್ಟೆಲಿನ ಅನ್ನದ ತಕರಾರು, ಸ್ಕಾಲರ್‌ಶಿಪ್ಪಿನ ತಕರಾರು ಇಷ್ಟೊಂದು ಇರುವಾಗ ರೇಡಿಯೋ ಯಾಕಪ್ಪಾ ಅಂತ ಕೇಳಬಹುದು. ಕೇಳಲೇಬೇಕು.

ನಮ್ಮ ಹಿರಿಯರು ಹೇಳ್ತಿದ್ದರು. ಆಗ ಊರಿಗೆಲ್ಲ ಒಂದೇ ಪಂಚಾಯ್ತಿ ರೇಡಿಯೋ. ಅದು ಇದ್ದದ್ದು ಊರೊಳಗೆ, ನಮ್ಮ ಹಟ್ಟಿ ಇದ್ದದ್ದು ಊರಾಚೆ. ಕಟ್ಟೆ ಹತ್ತುವಂತಿರಲಿಲ್ಲ. ದೂರದಲ್ಲಿ ಕುಕ್ಕರಗಾಲಲ್ಲಿ ಕೂತು ಭದ್ರಾವತಿ ಆಕಾಶವಾಣಿಯ ವಾರ್ತೆ, ಮಳೆ-ಬೆಳೆ ಸಮಾಚಾರ ಕೇಳೋರು. ಬಾವಿಗೆ ಮೈಲಿಗೆ ಇತ್ತು, ಗುಡಿಗೆ ಮೈಲಿಗೆ ಇತ್ತು. ಗಾಳಿಯಲ್ಲಿ ಬರೋ ದನಿಗೆ ಮಾತ್ರ ಯಾರೂ ಬೇಲಿ ಹಾಕಲಿಕ್ಕೆ ಆಗಲಿಲ್ಲ. ಸರಿ, ಕೇಳೋದಕ್ಕೆ ಬೇಲಿ ಇರಲಿಲ್ಲ. ಹೇಳೋದಕ್ಕೆ? ಮೈಕಿನ ಮುಂದೆ ಕೂತವರು ಯಾರು? ಅವರನ್ನು ಕೂರಿಸಿದ ದುಡ್ಡು ಯಾರದ್ದು?

ಮೊದಲು ದುಡ್ಡಿನ ಲೆಕ್ಕ ನೋಡೋಣ. 1935ರಲ್ಲಿ ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾದ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ನಿಲಯ ಶುರು ಮಾಡಿದರು. ‘ಆಕಾಶವಾಣಿ’ ಅನ್ನೋ ಹೆಸರು ಅದರದ್ದೇ. ಮುಂದೆ ಅದು ಸಂಸ್ಥಾನದ ಕೈಗೆ ಹೋಯಿತು, 1950ರಲ್ಲಿ ಕೇಂದ್ರ ಸರ್ಕಾರದ ಆಲ್ ಇಂಡಿಯಾ ರೇಡಿಯೋ ಸೇರಿತು. ಆ ದಿನಗಳಲ್ಲಿ ರೇಡಿಯೋ ಇಟ್ಟುಕೊಂಡವರು ವರ್ಷಾ ವರ್ಷಾ ಪೋಸ್ಟಾಫೀಸಿಗೆ ಹೋಗಿ ಲೈಸೆನ್ಸ್ ಫೀಸು ಕಟ್ಟಬೇಕಿತ್ತು. 1967ರಲ್ಲಿ ವಿವಿಧ ಭಾರತಿಗೆ ಜಾಹೀರಾತು ಬಂತು. 1985ರಲ್ಲಿ ಲೈಸೆನ್ಸ್ ರದ್ದಾಯಿತು. ರೇಡಿಯೋ ಪುಕ್ಕಟೆ ಅನ್ನೋ ಭ್ರಮೆ ಹುಟ್ಟಿದ್ದೂ ಅಲ್ಲಿಂದಲೇ.

ಪುಕ್ಕಟೆ ಅಲ್ಲ. ಇವತ್ತು ಆಕಾಶವಾಣಿ, ದೂರದರ್ಶನ ಎರಡನ್ನೂ ನಡೆಸೋದು ಪ್ರಸಾರ ಭಾರತಿ. ಜಾಹೀರಾತಿನಿಂದ ಒಂದಷ್ಟು ಬರ್ತದೆ. ಸಂಬಳದ ದೊಡ್ಡ ಹೊರೆ ಹೊರೋದು ಕೇಂದ್ರದ ಬಜೆಟ್ಟು. ಯಂತ್ರ, ಟ್ರಾನ್ಸ್‌ಮಿಟರುಗಳ ಸುಧಾರಣೆಗೆ ಅಂತ 2023ರ ಜನವರಿಯಲ್ಲಿ ಕೇಂದ್ರ ಸಂಪುಟ 2025-26ರವರೆಗಿನ ಯೋಜನೆಗೆ 2,539.61 ಕೋಟಿ ರೂಪಾಯಿ ಒಪ್ಪಿತು. ಆ ದುಡ್ಡು ಯಾರದ್ದು? ಇನ್‌ಕಂಟ್ಯಾಕ್ಸ್ ಕಟ್ಟೋರೇ ದೇಶ ಸಾಕ್ತಾರೆ ಅಂತ ಹೇಳೋ ಜನ ಇದ್ದಾರೆ. ಶುದ್ಧ ಸುಳ್ಳು. ಶೇಂಗಾ ಕೀಳೋ ಕೂಲಿಯಲ್ಲಿ ನಮ್ಮವ್ವ ಕೊಂಡ ಸೋಪಿನಲ್ಲಿ ತೆರಿಗೆ ಐತೆ. ಅಪ್ಪನ ಚಪ್ಪಲಿಯಲ್ಲಿ ಐತೆ. ನೀವು ಹಾಕಿಸೋ ಮೊಬೈಲ್ ರೀಚಾರ್ಜಿನಲ್ಲಿ ಐತೆ. ಅಂದಮೇಲೆ ನಮ್ಮ ದುರ್ಗದ 102.6 ಎಫ್.ಎಂ. ಆಕಾಶವಾಣಿಯೂ ಹಟ್ಟಿಯ ದುಡ್ಡಿನಲ್ಲೇ ಮಾತಾಡ್ತಾ ಐತೆ.

ಇನ್ನು ಆಡಳಿತ. ಬಹಳ ವರ್ಷ ರೇಡಿಯೋ ಸರ್ಕಾರದ ಒಂದು ಇಲಾಖೆಯಾಗಿತ್ತು. 1975ರಿಂದ 77ರವರೆಗಿನ ತುರ್ತುಪರಿಸ್ಥಿತಿಯಲ್ಲಿ ಆಳುವವರ ತುತ್ತೂರಿ ಆಯಿತು. ಸರ್ಕಾರದ ಹಿಡಿತ ತಪ್ಪಿಸಬೇಕು ಅನ್ನೋ ಕೂಗಿನಿಂದ 1990ರಲ್ಲಿ ಪ್ರಸಾರ ಭಾರತಿ ಕಾಯ್ದೆ ಬಂತು. ಜಾರಿಯಾಗಲಿಕ್ಕೆ 1997 ಆಗಬೇಕಾಯಿತು. ನಡುವೆ 1995ರಲ್ಲಿ ಸುಪ್ರೀಂ ಕೋರ್ಟು, ಪ್ರಸಾರದ ತರಂಗಗಳು ಸಾರ್ವಜನಿಕರ ಆಸ್ತಿ ಅಂತ ತೀರ್ಪು ಕೊಟ್ಟಿತು.

ಆ ಕಾಯ್ದೆಯ 12ನೇ ಕಲಮನ್ನು ನೀವೆಲ್ಲ ಓದಬೇಕು. ಸಾಮಾಜಿಕ ನ್ಯಾಯ ಬೆಳೆಸೋದು, ಶೋಷಣೆ, ಅಸಮಾನತೆ, ಅಸ್ಪೃಶ್ಯತೆಯಂಥ ಪಿಡುಗುಗಳ ವಿರುದ್ಧ ಹೋರಾಡೋದು ಪ್ರಸಾರ ಭಾರತಿಯ ಕರ್ತವ್ಯಗಳಲ್ಲಿ ಒಂದು ಅಂತ ಅಲ್ಲಿ ಬರೆದೈತೆ. ನಾವು ಬೀದಿಯಲ್ಲಿ ಕೂಗೋ ಮಾತನ್ನೇ ಪಾರ್ಲಿಮೆಂಟು ರೇಡಿಯೋಗೆ ಕೆಲಸವಾಗಿ ಕೊಟ್ಟೈತೆ! ಖಾಸಗಿ ಚಾನೆಲ್ಲಿಗೆ ಈ ಹೊಣೆ ಇಲ್ಲ. ಅದಕ್ಕೇ ಈ ರೇಡಿಯೋ ಸೊರಗಿದರೆ ನಷ್ಟ ನಮಗೆ.

ಹೆಸರಿಗೆ ಇದು ಸ್ವಾಯತ್ತ ಸಂಸ್ಥೆ. ಪೆಟ್ಟಿಗೆ ಬೀಗದ ಕೈ ಮಾತ್ರ ದೆಹಲಿಯಲ್ಲೇ ಉಳೀತು. ಇಂಗ್ಲೆಂಡಿನಲ್ಲಿ ಬಿಬಿಸಿಗೆ ಟಿ.ವಿ. ನೋಡೋ ಮನೆಗಳೇ ಲೈಸೆನ್ಸ್ ಫೀಸು ಕಟ್ಟೋ ಪದ್ಧತಿ. ಅಮೆರಿಕದಲ್ಲಿ 2025ರ ಜುಲೈನಲ್ಲಿ, ಸಾರ್ವಜನಿಕ ರೇಡಿಯೋ-ಟಿ.ವಿ.ಗೆ ಮೊದಲೇ ಮಂಜೂರಾಗಿದ್ದ ಸುಮಾರು 110 ಕೋಟಿ ಡಾಲರನ್ನು ಅಲ್ಲಿನ ಸಂಸತ್ತು ವಾಪಸ್ ಕಿತ್ತುಕೊಂಡಿತು. ಕೊಡೋ ಕೈ ಒಂದೇ ಆದರೆ ಕುತ್ತಿಗೆ ಹಿಡಿಯೋ ಕೈಯೂ ಅದೇ.

ಗೆಳೆಯರೇ, ನಮ್ಮ ಕುತ್ತಿಗೆಗೆ ಬರೋದು ಇನ್ನೊಂದು ದಾರಿಯಲ್ಲಿ. 2007ರ ಅಕ್ಟೋಬರ್ 5ರ ಹೊತ್ತಿಗೆ ಕೆಲಸದಲ್ಲಿದ್ದ ಖಾಯಂ ನೌಕರರು ಸರ್ಕಾರಿ ನೌಕರರಾಗೇ ಉಳಿದರು. ಅವರು ಒಬ್ಬೊಬ್ಬರೇ ನಿವೃತ್ತಿ ಆಗ್ತಾರೆ, ಕುರ್ಚಿ ಖಾಲಿ ಬೀಳ್ತದೆ. ಮೈಕಿನ ಮುಂದೆ ಹಂಗಾಮಿ ಉದ್ಘೋಷಕರು ಬಂದು ಕೂರ್ತಾರೆ. ತಿಂಗಳಿಗೆ ಕೆಲವೇ ಡ್ಯೂಟಿ, ಡ್ಯೂಟಿಗಿಷ್ಟು ದುಡ್ಡು. ನಮ್ಮ ಹುಡುಗ ಹುಡುಗಿಯರೂ ಹೀಗೆ ದುಡೀತಾರೆ, ಅವರ ಮೇಲೆ ನಮಗೆ ಸಿಟ್ಟಿಲ್ಲ. ಆದರೆ ನಿಯಮ ಗೊತ್ತಿರಲಿ: ಕೇಂದ್ರ ಸರ್ಕಾರದ ತಾತ್ಕಾಲಿಕ ನೇಮಕದಲ್ಲಿ ಮೀಸಲಾತಿ ಅನ್ವಯಿಸೋದು 45 ದಿನ ಮತ್ತು ಮೇಲ್ಪಟ್ಟ ಅವಧಿಗೆ. ದಿನದ ಲೆಕ್ಕದ ಡ್ಯೂಟಿಗೆ ಯಾವ ರೋಸ್ಟರು? ಮೀಸಲಾತಿ ರದ್ದು ಅಂತ ಯಾರೂ ಆದೇಶ ಹೊರಡಿಸಬೇಕಿಲ್ಲ. ಖಾಯಂ ಹುದ್ದೆ ತುಂಬದೆ ಬಿಟ್ಟರೆ ಸಾಕು.

ಇನ್ನೊಂದು ಬೇಲಿ ನಾಲಿಗೆಯದ್ದು. ಹಾಲಿಗೆ ‘ಆಲು’ ಅಂದಿದ್ದಕ್ಕೆ ಶಾಲೆಯಲ್ಲಿ ನಗಿಸಿಕೊಂಡವರು ನಾವು. ಆ ನಗು ಮನಸ್ಸಿನಲ್ಲಿ ಕೂತು, ಧ್ವನಿ ಪರೀಕ್ಷೆಗೆ ಅರ್ಜಿ ಹಾಕಲಿಕ್ಕೇ ಕೈ ನಡುಗ್ತದೆ. ಉಚ್ಚಾರಣೆ ಕಲೀರಿ, ಅದು ವಿದ್ಯೆ. ಅವ್ವನ ಮಾತಿಗೆ ನಾಚಬೇಡಿ, ಅದು ಗುಲಾಮಗಿರಿ.

ಹಾಗಾದರೆ ಏನು ಮಾಡೋಣ? ಹಾಸ್ಟೆಲಿಗೊಂದು ನೋಟ್‌ಬುಕ್ ಇಡಿ. ಒಂದು ತಿಂಗಳು ಸರದಿ ಮೇಲೆ ರೇಡಿಯೋ ಕೇಳಿ ಬರೆಯಿರಿ. ಅಸ್ಪೃಶ್ಯತೆ ಬಗ್ಗೆ ಎಷ್ಟು ನಿಮಿಷ ಮಾತು ಬಂತು? ಏಪ್ರಿಲ್ 14 ಬಿಟ್ಟು ಬೇರೆ ದಿನ ಬಂತಾ? ತಮಟೆ, ಉರುಮೆ ಬಾರಿಸಿದವರ ಹೆಸರು ಹೇಳಿದರಾ? ಆಮೇಲೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, ಫೀಸು 10 ರೂಪಾಯಿ. ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು, ಅದರಲ್ಲಿ ಮೀಸಲು ಎಷ್ಟು ಕೇಳಿ. ಆ ಲೆಕ್ಕ ಹಿಡಿದುಕೊಂಡು ನಮ್ಮ ಲೋಕಸಭಾ ಸದಸ್ಯರ ಮುಂದೆ ನಿಲ್ಲಿ. ಚಿತ್ರದುರ್ಗ ಮೀಸಲು ಕ್ಷೇತ್ರ. ಬಜೆಟ್ಟಿಗೆ ಕೈ ಎತ್ತೋರು ಅವರೇ.

1954ರ ಅಕ್ಟೋಬರ್ 3ರಂದು ಬಾಬಾಸಾಹೇಬರು ಇದೇ ಆಲ್ ಇಂಡಿಯಾ ರೇಡಿಯೋದಲ್ಲಿ ಮಾತಾಡಿದರು. ಸ್ವಾತಂತ್ರ್ಯ, ಸಮಾನತೆ, ಸಹೋದರತೆಯನ್ನು ತಾವು ಫ್ರೆಂಚ್ ಕ್ರಾಂತಿಯಿಂದ ಸಾಲ ತಂದಿಲ್ಲ, ಬುದ್ಧನಿಂದ ಕಲಿತದ್ದು ಅಂತ ಇಡೀ ದೇಶಕ್ಕೆ ಹೇಳಿದರು. ಕ್ಲಾಸಿನಲ್ಲಿ ಹೊರಗೆ ಕೂರಿಸಿದ್ದ ಹುಡುಗ ಮೈಕಿನ ಮುಂದೆ ಕೂತಿದ್ದ.

ಆ ಕುರ್ಚಿ ಯಾರ ಅಪ್ಪನ ಮನೆಯದ್ದೂ ಅಲ್ಲ. ಅದರ ಬಾಡಿಗೆ ನಮ್ಮವ್ವ ಸೋಪಿನ ಅಂಗಡಿಯಲ್ಲಿ ದಿನಾ ಕಟ್ತಾ ಇದ್ದಾಳೆ. ಹೋಗಿ ಲೆಕ್ಕ ಕೇಳೋಣ.

ಜೈ ಭೀಮ್.